ಪಲೂಸ್–ಕ್ಯಾಸ್ಕೇಡ್ಸ್ ಹಳಿದಾರಿ: ದಾರಿ ತುಂಡಾದ ಕಡೆ ಸೈಕಲ್ ದಾಟಿಸುವುದು ಹೇಗೆ?

ಮೂಡಲ ಸವಾರ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಳೇ ರೈಲು ದಾರಿಯನ್ನೇ ಸೈಕಲ್ ಹಾದಿ ಮಾಡಿದ ಪಲೂಸ್–ಕ್ಯಾಸ್ಕೇಡ್ಸ್ ದಾರಿಯನ್ನು ಜೂನ್ ಮೊದಲ ವಾರ ಪೂರ್ತಿ ಮುಗಿಸುವ ಯೋಜನೆ ಇದೆ. ಸಿಯಾಟಲ್ ಕಡೆಯ ಸೀಡರ್ ಫಾಲ್ಸ್‌ನಿಂದ ಹೊರಟು ಐಡಾಹೊ ಗಡಿಯ ಟೆಕೋವಾವರೆಗೆ, ಒಟ್ಟು 450 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ನಕ್ಷೆಯಲ್ಲಿ ಒಂದೇ ಗೆರೆ ಕಾಣುತ್ತೆ. ಆದರೆ ಕೊಲಂಬಿಯಾ ನದಿ ದಾಟಿದ ಮೇಲೆ ದಾರಿ ಅಲ್ಲಲ್ಲಿ ತುಂಡಾಗಿದೆ ಅಂತ ಎಲ್ಲರೂ ಹೇಳ್ತಾರೆ. ಗ್ರಾವೆಲ್ ಸೈಕಲ್, 45 ಮಿ.ಮೀ. ಟೈರ್, ಟ್ಯೂಬ್ ಹಾಕಿದ್ದು. ಮೂರು ಪ್ರಶ್ನೆ:

ಈ ತುಂಡಾದ ಜಾಗ, ಅಂದರೆ ಗ್ಯಾಪ್, ಎಲ್ಲೆಲ್ಲಿ, ಯಾಕೆ? ಗ್ಯಾಪ್ ಬಂದಾಗ ಹಳೇ ಹಳಿಯ ಏರಿಯ ಮೇಲೇ ಹೇಗಾದರೂ ಮುಂದುವರಿಯಬಹುದಾ, ಇಲ್ಲ ರಸ್ತೆಗೆ ಇಳಿಯಲೇಬೇಕಾ? ನೀರು ಎಷ್ಟು ಹೊರಬೇಕು?

ಜಲ್ಲಿಕಲ್ಲು

ಎರಡನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಗ್ಯಾಪ್ ಬಂದ ಮೇಲೆ ಏನು ಮಾಡೋದು ಅಂತ ಯೋಚಿಸಿದರೆ ತಡವಾಯ್ತು. ರೈಲು ದಾರಿ ಏರಿಯ ಮೇಲೆ ಹೋಗುತ್ತೆ, ಇಲ್ಲವೇ ಬಂಡೆ ಕೊರೆದ ಕಣಿವೆಯೊಳಗೆ ಹೋಗುತ್ತೆ. ಎರಡೂ ಕಡೆ ಮುಳ್ಳುತಂತಿ ಬೇಲಿ. ಒಮ್ಮೆ ಹತ್ತಿದರೆ ಮುಂದಿನ ಸಾರ್ವಜನಿಕ ರಸ್ತೆ ಅಡ್ಡ ಬರುವವರೆಗೆ ಇಳಿಯುವ ಜಾಗವೇ ಇರಲ್ಲ, ಪೂರ್ವಭಾಗದಲ್ಲಿ ಅದು 8–10 ಕಿ.ಮೀ. ಕೂಡ ಆಗಬಹುದು. ಸೇತುವೆ ಇಲ್ಲ ಅಂತ ಅದರ ತುದಿಗೆ ಹೋಗಿ ಗೊತ್ತಾದರೆ ಅಷ್ಟೂ ದೂರ ವಾಪಸ್. ಆದ್ದರಿಂದ ನಿಮ್ಮ ಕಾಗದದಲ್ಲಿ ಗ್ಯಾಪ್ ಇರುವ ಜಾಗಕ್ಕಿಂತ ಮುಖ್ಯವಾಗಿ ಬರೆದಿರಬೇಕಾದ್ದು ಗ್ಯಾಪ್‌ಗೆ ಮೊದಲು ಸಿಗುವ ಕೊನೆಯ ರಸ್ತೆ ಯಾವುದು ಅನ್ನೋದು. ನಿರ್ಧಾರ ಅಲ್ಲೇ ಆಗಬೇಕು.

ಗ್ಯಾಪ್ ಯಾಕೆ ಅನ್ನೋದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಇದು ಮಿಲ್ವಾಕಿ ರೋಡ್ ರೈಲು ಕಂಪನಿ 1909ರಲ್ಲಿ ಮುಗಿಸಿದ ಪೆಸಿಫಿಕ್ ದಾರಿ. ಕಂಪನಿ ದಿವಾಳಿಯಾಗಿ 1980ರಲ್ಲಿ ಈ ಭಾಗವನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಕೈಬಿಟ್ಟ ರೈಲು ದಾರಿಯನ್ನು ಒಂದೇ ತುಂಡಾಗಿ ಕಾಯ್ದಿಡುವ ರೈಲ್‌ಬ್ಯಾಂಕಿಂಗ್ ಕಾನೂನು ಬಂದದ್ದು 1983ರಲ್ಲಿ. ಆ ರಕ್ಷಣೆ ಬರೋಕೆ ಮೊದಲೇ ಈ ದಾರಿ ಚದುರಿತ್ತು. ಕೆಲವು ತುಂಡು ಪಕ್ಕದ ರೈತರ ಪಾಲಾಯ್ತು, ಕೆಲವದರ ಮೇಲೆ ಬೇರೆ ರೈಲು ಕಂಪನಿ ಗಾಡಿ ಓಡಿಸ್ತಾ ಉಳೀತು, ಕೆಲವು ಸೇತುವೆಯ ಉಕ್ಕು ಬಿಚ್ಚಿಹೋಯ್ತು. ಉಳಿದದ್ದನ್ನು ರಾಜ್ಯ ಕೊಂಡುಕೊಂಡಿತು. ಹಾಗಾಗಿ ಇಲ್ಲಿ ಗ್ಯಾಪ್ ಅಂದರೆ ಒಂದೇ ಜಾತಿಯಲ್ಲ. ಸೇತುವೆ ಇಲ್ಲದ್ದು, ರೈಲು ಓಡುವುದು, ಖಾಸಗಿ ಜಮೀನು, ಸೇನೆಯ ಜಾಗ, ಋತುವಿಗೆ ಮುಚ್ಚುವ ಸುರಂಗ, ಹೀಗೆ ಐದು. ಒಂದೊಂದರ ನಿಯಮವೂ ಬೇರೆ. ಸೇನೆಯ ಜಾಗವನ್ನು ಹೆಸರು ಬರೆದಿಟ್ಟು ದಾಟಬಹುದು. ಸುರಂಗವನ್ನು ತಿಂಗಳು ನೋಡಿ ದಾಟಬಹುದು. ಉಳಿದ ಮೂರರಲ್ಲಿ ರಸ್ತೆಯೇ ಗತಿ.

ಕಣಿವೆಗಾಳಿ

ಪಶ್ಚಿಮಾರ್ಧ ಸುಲಭ, ಬೇಗ ಹೇಳಿಬಿಡ್ತೀನಿ.

ಸೀಡರ್ ಫಾಲ್ಸ್‌ನಿಂದ ಹಯಾಕ್‌ವರೆಗೆ ಏರು 1.7%ರ ಆಸುಪಾಸು, ನೆಲ ಗಟ್ಟಿ. ಸ್ನೋಕ್ವಾಲ್ಮಿ ಸುರಂಗ 3.6 ಕಿ.ಮೀ., ಒಳಗೆ ಒಂದು ದೀಪವೂ ಇಲ್ಲ. ನವೆಂಬರ್ 1ರಿಂದ ಮೇ 1ರವರೆಗೆ ಬಾಗಿಲು ಹಾಕಿರ್ತಾರೆ, ಒಳಗೆ ಸೋರುವ ನೀರು ಹೆಪ್ಪುಗಟ್ಟಿ ಉದುರುತ್ತೆ ಅಂತ. ಜೂನ್ ಆದ್ದರಿಂದ ನಿಮಗೆ ತೊಂದರೆ ಇಲ್ಲ. ಕನಿಷ್ಠ 300 ಲೂಮೆನ್ ಮುಂದೀಪ, ಹಿಂದೆ ಕೆಂಪು ದೀಪ, ಒಂದು ಜಾಕೆಟ್ ಬೇಕು. ಹೊರಗೆ 28 ಡಿಗ್ರಿ ಇದ್ದರೂ ಒಳಗೆ ಕೈ ಮರಗಟ್ಟುವಷ್ಟು ಥಂಡಿ. ದೀಪವನ್ನು ಹ್ಯಾಂಡಲ್‌ಬಾರ್‌ಗೆ ಕಟ್ಟಿ, ಹೆಲ್ಮೆಟ್‌ಗೆ ಬೇಡ. ಹಣೆಯ ಮಟ್ಟದ ಬೆಳಕು ಬಾಯಿಯ ಆವಿಯಲ್ಲೇ ಚದುರಿ ನೆಲ ಕಾಣಲ್ಲ.

ಎಲೆನ್ಸ್‌ಬರ್ಗ್ ಊರೊಳಗೆ ದಾರಿ ಕಡಿದಿದೆ. ವಿಶ್ವವಿದ್ಯಾಲಯದ ಪಕ್ಕದ ಬೀದಿಗಳಲ್ಲಿ ಹೋಗಿ ಪೂರ್ವದ ಜಾತ್ರೆ ಮೈದಾನದ ಹತ್ತಿರ ಮತ್ತೆ ಹತ್ತಬೇಕು. ಕೆಲವೇ ಕಿ.ಮೀ., ಸಪಾಟು. ಅದನ್ನು ಗ್ಯಾಪ್ ಅಂತ ಹೆದರಬೇಕಿಲ್ಲ, ಅಂಗಡಿಯ ಕೆಲಸ ಮುಗಿಸಿಕೊಳ್ಳುವ ಜಾಗ ಅಂತ ಇಟ್ಟುಕೊಳ್ಳಿ. ಗ್ಲೂ, ಪ್ಯಾಚ್, ಬ್ರೇಕ್ ಪ್ಯಾಡ್ ಬೇಕಿದ್ದರೆ ಅಲ್ಲೇ ಕೊಳ್ಳಿ. ಅದರಾಚೆ ಟೆಕೋವಾವರೆಗೆ ಸೈಕಲ್ ಅಂಗಡಿಯ ಮೇಲೆ ಭರವಸೆ ಇಡಬೇಡಿ.

ಇನ್ನೊಂದು: ಪಶ್ಚಿಮದಿಂದ ಪೂರ್ವಕ್ಕೆ ಹೋಗ್ತಿರೋದು ಸರಿಯಾದ ದಿಕ್ಕು. ಬೇಸಿಗೆಯಲ್ಲಿ ಕಿಟಿಟಾಸ್ ಕಣಿವೆಯ ಗಾಳಿ ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಜೋರಾಗಿ ಬೀಸುತ್ತೆ.

ಮೂಡಲ ಸವಾರ

ಕಿಟಿಟಾಸ್ ಆದಮೇಲೆ ಸೇನೆಯ ತರಬೇತಿ ಪ್ರದೇಶ ಬರುತ್ತಲ್ಲ, ಮೊದಲೇ ಅನುಮತಿ ಪತ್ರ ತೆಗೆದುಕೊಳ್ಳಬೇಕಾ?

ಜಲ್ಲಿಕಲ್ಲು

ಯಾಕಿಮಾ ತರಬೇತಿ ಕೇಂದ್ರ. ದಾರಿ ಅದರ ಉತ್ತರದ ಭಾಗದಲ್ಲಿ ಸುಮಾರು 35 ಕಿ.ಮೀ. ಹಾದುಹೋಗುತ್ತೆ. ಎರಡೂ ಕಡೆಯ ದ್ವಾರದಲ್ಲಿ ನೋಂದಣಿ ಪೆಟ್ಟಿಗೆ ಇರುತ್ತೆ, ಚೀಟಿ ತುಂಬಿಸಿ ಹಾಕಿ ಹೋಗಬೇಕು. ಪೆನ್ನು ಇಟ್ಟುಕೊಂಡಿರಿ. ಹಗಲಲ್ಲೇ ದಾಟಬೇಕು, ಟೆಂಟ್ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಹೆಜ್ಜೆ ಇಡಬೇಡಿ, ಸಿಡಿಯದ ಗುಂಡು ನೆಲದಲ್ಲಿ ಇರಬಹುದು. ಹೊರಡುವ ಹಿಂದಿನ ದಿನ ರಾಜ್ಯ ಉದ್ಯಾನ ಇಲಾಖೆಯ ಪುಟದಲ್ಲಿ ಮುಚ್ಚಿದ ಸೂಚನೆ ಇದೆಯಾ ನೋಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನಿಂದಲೂ ಮುಚ್ಚುತ್ತೆ.

ಕಿಟಿಟಾಸ್ ಸುಮಾರು 500 ಮೀ. ಎತ್ತರ. ಅಲ್ಲಿಂದ ರೆನ್ಸ್‌ಲೋ ಟ್ರೆಸಲ್ (ಎತ್ತರದ ಕಾಲುಗಳ ಮೇಲೆ ನಿಂತ ರೈಲು ಸೇತುವೆ) ಮೇಲೆ ಐ-90 ಹೆದ್ದಾರಿ ದಾಟಿ ಬಾಯ್ಲ್‌ಸ್ಟನ್ ಸುರಂಗದವರೆಗೆ ಸುಮಾರು 250 ಮೀ. ಏರು. ಆ ಸುರಂಗ ಮುಚ್ಚಿದೆ, ಬಾಯಲ್ಲಿ ಬಂಡೆ ಕುಸಿದಿದೆ. ಬಳಸಿಕೊಂಡು ಗುಡ್ಡದ ಮೇಲೆ ಹೋಗುವ ಹಾದಿ ಚಿಕ್ಕದು, ಕಡಿದು, ತಳ್ಳಿಕೊಂಡು ಹೋಗಿ. ಆಮೇಲೆ ನದಿಯವರೆಗೆ ಸುಮಾರು 580 ಮೀ. ಇಳಿಜಾರು, 2.2%. ಮಿಲ್ವಾಕಿಯವರಿಗೆ ಈ ಸ್ಯಾಡಲ್ ಬೆಟ್ಟದ ಏರು ಇಡೀ ದಾರಿಯಲ್ಲೇ ಕಷ್ಟದ್ದು. ಇಳಿಯುವಾಗ ಸುಲಭ ಅನ್ಸುತ್ತೆ, ಆದರೆ ಸಡಿಲ ಜಲ್ಲಿ ಇದೆ. ಜಲ್ಲಿಯ ರಾಶಿಯಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಅಡ್ಡ ತಿರುಗುತ್ತೆ. ತೂಕ ಹಿಂದಕ್ಕೆ ಹಾಕಿ, ರಾಶಿಗೆ ಮೊದಲೇ ವೇಗ ಇಳಿಸಿ, ರಾಶಿಯೊಳಗೆ ಬ್ರೇಕ್ ಬಿಟ್ಟು ಪೆಡಲ್ ಮಾಡಿ.

ಕಣಿವೆಗಾಳಿ

ಬೆವರ್ಲಿ ಸೇತುವೆ ಬಗ್ಗೆ ಸೇರಿಸ್ತೀನಿ, ಹಳೇ ಬರಹಗಳನ್ನು ಓದಿದವರು ಇಲ್ಲೇ ತಪ್ಪು ಯೋಜನೆ ಹಾಕ್ತಾರೆ. ಕೊಲಂಬಿಯಾ ನದಿಯ ಮೇಲಿನ ಆ ಉಕ್ಕಿನ ಸೇತುವೆ ಸುಮಾರು 900 ಮೀ. ಉದ್ದ. 2014ರ ಬೆಂಕಿಯಲ್ಲಿ ಮರದ ಭಾಗ ಸುಟ್ಟಿತ್ತು. ಅದು ನಡೆಯುವವರಿಗೂ ಸೈಕಲ್‌ಗೂ ತೆರೆದದ್ದು 2022ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ಬರೆದ ಎಲ್ಲ ಮಾರ್ಗದರ್ಶಿಗಳಲ್ಲೂ ವಾಂಟೇಜ್‌ನ ಐ-90 ಸೇತುವೆ ಮೇಲೆ ಹೋಗಿ, ಇಲ್ಲ ಯಾರದಾದರೂ ಪಿಕಪ್‌ನಲ್ಲಿ ದಾಟಿ ಅಂತ ಇರುತ್ತೆ. ವಾಂಟೇಜ್ ಸೇತುವೆಗೆ ಸೈಕಲ್ ಹೋಗುವಷ್ಟು ಅಂಚೇ ಇಲ್ಲ, ಪಕ್ಕದಲ್ಲೇ ಲಾರಿ. ಆ ಮಾತನ್ನು ಈಗ ಪೂರ್ತಿ ಮರೆತುಬಿಡಿ. ಟೆಕೋವಾದ ಟ್ರೆಸಲ್ ಕೂಡ 2022ರಲ್ಲೇ ತೆರೆದದ್ದು, 297 ಮೀ. ಉದ್ದ, 35 ಮೀ. ಎತ್ತರ. ಅಂದರೆ 2022ಕ್ಕಿಂತ ಹಳೆಯ ಜಿಪಿಎಕ್ಸ್ ಫೈಲ್ (ಜಿಪಿಎಸ್ ಸಾಧನಕ್ಕೆ ಹಾಕುವ ದಾರಿಯ ಗೆರೆ) ಏನಿದ್ದರೂ ಬಳಸಬೇಡಿ.

ಬೆವರ್ಲಿಯ ತೆಂಕಣಕ್ಕೇ ಸೆಂಟಿನೆಲ್ ಗ್ಯಾಪ್ ಅನ್ನೋ ಬೆಟ್ಟದ ಬಾಯಿ ಇದೆ. ನದಿಯೂ ಗಾಳಿಯೂ ಅದರಲ್ಲೇ ನುಗ್ಗೋದು. ಸೇತುವೆ ಮೇಲೆ ಅಡ್ಡಗಾಳಿ ಹೊಡೆಯುತ್ತೆ. ಮುಂದಿನ ಫೋರ್ಕ್‌ನ ಎರಡೂ ಬದಿಗೆ ದೊಡ್ಡ ಚೀಲ ತೂಗುಹಾಕಿದ್ದರೆ ಇಳಿದು ನಡೆಯಿರಿ.

ನೆಗ್ಗಿಲು

ಬೆವರ್ಲಿ ದಾಟಿದರೆ ನನ್ನ ಹೆಸರಿನ ಗಿಡ ಶುರು. ಅಲ್ಲಿ ಗೋಟ್‌ಹೆಡ್ ಅಂತಾರೆ. ನಮ್ಮ ಬಯಲುಸೀಮೆಯ ಹೊಲದ ಬದು, ಗಾಡಿದಾರಿಯಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳೇ ಅದು, ಒಂದೇ ಜಾತಿ. ನೆಲಕ್ಕಂಟಿ ಚಕ್ರದ ಹಾಗೆ ಹರಡುತ್ತೆ, ಐದು ಎಸಳಿನ ಸಣ್ಣ ಹಳದಿ ಹೂ. ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತೆ, ಹೋಳಿಗೆ ಎರಡು ಗಟ್ಟಿ ಕೊಂಬು. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತೆ.

ಜೂನ್ ಮೊದಲ ವಾರ ಆ ವರ್ಷದ ಕಾಯಿ ಇನ್ನೂ ಹಸಿರು. ಆದರೆ ಹೋದ ವರ್ಷದ ಒಣಮುಳ್ಳು ಮರಳಿನಲ್ಲಿ ಕಾದಿರುತ್ತೆ. ಟ್ಯೂಬ್ ಹಾಕಿಕೊಂಡು ಹೋಗಬೇಡಿ, ಇದು ಖಂಡಿತ. ಟ್ಯೂಬ್‌ಲೆಸ್ ಮಾಡಿಸಿ, 45–50 ಮಿ.ಮೀ. ಟೈರ್‌ಗೆ ತಲಾ 80–90 ಮಿ.ಲೀ. ಸೀಲೆಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿ, ಹೊರಡುವ ವಾರದಲ್ಲೇ ಹೊಸದಾಗಿ. ಒಣ ಹವೆಯಲ್ಲಿ ಎರಡು ಮೂರು ತಿಂಗಳಿಗೆ ಸೀಲೆಂಟ್ ರಬ್ಬರ್ ಉಂಡೆಯಾಗುತ್ತೆ. ಟೈರ್ ಅಲ್ಲಾಡಿಸಿದಾಗ ದ್ರವದ ಸದ್ದು ಬರದಿದ್ದರೆ ಮುಗಿದಿದೆ ಅಂತಲೇ ಅರ್ಥ. ಜೊತೆಗೆ 100 ಮಿ.ಲೀ. ಬಾಟಲ್ ಮತ್ತು ವಾಲ್ವ್ ಕೋರ್ ಬಿಚ್ಚುವ ಚಾವಿ ಇರಲಿ.

ಮುಳ್ಳು ಕಂಡ ಕೂಡಲೇ ಕೀಳಬೇಡಿ. ಸಂಜೆ ನಿಂತ ಜಾಗದಲ್ಲಿ ಒಂದೊಂದೇ ಕಿತ್ತು, ಆ ಜಾಗ ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ಆಮೇಲೆ ಮುಂದಿನದು. ಇಪ್ಪತ್ತು ಮುಳ್ಳನ್ನು ಒಟ್ಟಿಗೆ ಕಿತ್ತರೆ ಗಾಳಿ ಇಳಿದು ಟೈರ್ ರಿಮ್‌ನಿಂದ ಕಳಚಿಕೊಳ್ಳುತ್ತೆ, ಕೈಪಂಪ್‌ನಲ್ಲಿ ಮತ್ತೆ ಕೂರಿಸೋದು ಕಷ್ಟ.

ಗಿಡ ಹೆಚ್ಚು ಇರೋದು ದಾರಿಯ ಮಧ್ಯದಲ್ಲಲ್ಲ. ಗೇಟಿನ ಬುಡ, ವಾಹನ ನಿಲ್ಲಿಸುವ ಜಾಗ, ಡಾಂಬರು ರಸ್ತೆಯ ಅಂಚು, ಹೀಗೆ ಮಣ್ಣು ಕೆದಕಿದ ಕಡೆ. ಅಂದರೆ ದಾರಿಯಿಂದ ರಸ್ತೆಗೆ, ರಸ್ತೆಯಿಂದ ದಾರಿಗೆ ದಾಟುವ ಆ 10–20 ಮೀಟರ್‌ನಲ್ಲೇ ಪಂಕ್ಚರ್ ಆಗೋದು. ಗ್ಯಾಪ್ ಇದ್ದಷ್ಟೂ ಇಂಥ ಜಾಗ ಹೆಚ್ಚು. ಅಲ್ಲಿ ಸೈಕಲ್ ತಳ್ಳಬೇಡಿ, ಎತ್ತಿಕೊಂಡು ನಡೆಯಿರಿ.

ಎರೆಭೂಮಿ

ಟ್ಯೂಬ್‌ಲೆಸ್ ಒಪ್ಪಿದೆ. ಆದರೂ ಎರಡು ಟ್ಯೂಬ್ ಮತ್ತು ಕನಿಷ್ಠ 12 ಪ್ಯಾಚ್, ಗ್ಲೂ ಎರಡು ಟ್ಯೂಬು ಒಯ್ಯಿರಿ. ತೆರೆದ ಗ್ಲೂ ಟ್ಯೂಬು ಬಿಸಿಲಿಗೆ ಎರಡೇ ದಿನಕ್ಕೆ ಒಣಗುತ್ತೆ. ಬಂಡೆಯ ಅಂಚಿಗೆ ಪಕ್ಕದ ಗೋಡೆ ಹರಿದರೆ ಸೀಲೆಂಟ್ ಏನೂ ಮಾಡಲ್ಲ. ಟ್ಯೂಬ್ ಹಾಕುವ ಮೊದಲು ಟೈರ್ ಒಳಗೆಲ್ಲ ಬಟ್ಟೆಯಿಂದ ಒರೆಸಿ, ಸೀಲೆಂಟ್ ಮುಚ್ಚಿದ ಮುಳ್ಳಿನ ಮೊನೆಗಳು ಒಳಗೆ ನಿಂತಿರುತ್ತೆ. ಬೆರಳಿನಿಂದ ಹುಡುಕಬೇಡಿ. ಹತ್ತಿಬಟ್ಟೆ ಎಳೆದರೆ ಮೊನೆ ಇರುವಲ್ಲಿ ತಾನೇ ಸಿಕ್ಕಿಕೊಳ್ಳುತ್ತೆ.

ಮೂಡಲ ಸವಾರ

ಬೆವರ್ಲಿಯಿಂದ ಮುಂದೆ ಸ್ಮರ್ನಾವರೆಗೆ ದಾರಿ ತೆರೆದಿದೆ ಅಂತ ನಕ್ಷೆ ಹೇಳುತ್ತೆ. ಅದನ್ನೇ ಹಿಡೀಲಾ?

ಜಲ್ಲಿಕಲ್ಲು

ತೆರೆದಿದೆ ಅನ್ನೋದು ಬೇರೆ, ಸೈಕಲ್ ಓಡುತ್ತೆ ಅನ್ನೋದು ಬೇರೆ. ಸುಮಾರು 20 ಕಿ.ಮೀ., ಬಹುಭಾಗ ಗಾಳಿ ತಂದು ಸುರಿದ ಮರಳು. 45 ಮಿ.ಮೀ. ಟೈರ್ 100 ಕಿಲೋ ಒಟ್ಟು ತೂಕಕ್ಕೆ ಗಾಳಿಯ ಒತ್ತಡ 20 ಪಿಎಸ್‌ಐಗೆ ಇಳಿಸಿದರೂ ಹೂತುಹೋಗುತ್ತೆ. ತಳ್ಳುವ ವೇಗ ಗಂಟೆಗೆ 4 ಕಿ.ಮೀ. ಪಕ್ಕದಲ್ಲೇ ಲೋವರ್ ಕ್ರ್ಯಾಬ್ ಕ್ರೀಕ್ ರಸ್ತೆ ಅದೇ ಕಣಿವೆಯಲ್ಲಿ ಹೋಗುತ್ತೆ, ಅರ್ಧ ಡಾಂಬರು ಅರ್ಧ ಜಲ್ಲಿ, ವಾಹನ ವಿರಳ. ನನ್ನ ಮಟ್ಟಿಗೆ ಇದು ಗ್ಯಾಪೇ ಅಂತ ಲೆಕ್ಕ ಹಾಕಿ ಬೆವರ್ಲಿಯಲ್ಲೇ ರಸ್ತೆ ಹಿಡಿಯೋದು ಸರಿ.

ನೆಗ್ಗಿಲು

ಇದಕ್ಕೆ ಪೂರ್ತಿ ಒಪ್ಪಲ್ಲ. 70 ಮಿ.ಮೀ.ಗಿಂತ ಅಗಲ ಟೈರ್ ಇದ್ದು 10–12 ಪಿಎಸ್‌ಐ ಹಾಕಿದರೆ, ಮಳೆಯಾದ ಮಾರನೇ ಬೆಳಿಗ್ಗೆ ಆ ಮರಳು ಗಟ್ಟಿಯಾಗಿರುತ್ತೆ. ಸ್ಯಾಡಲ್ ಬೆಟ್ಟದ ಬುಡದ ಜೌಗು, ಹಕ್ಕಿಗಳು ರಸ್ತೆಯಿಂದ ಅಷ್ಟು ಕಾಣಲ್ಲ. ದಾರಿಯನ್ನು ಯಾರೂ ಬಳಸದಿದ್ದರೆ ಅದನ್ನು ಸರಿಮಾಡುವ ಕೆಲಸವೂ ಹಿಂದೆ ಬೀಳುತ್ತೆ ಅನ್ನೋದೂ ನಿಜ. ಆದರೆ 45 ಮಿ.ಮೀ.ಗೆ ನೀವು ಹೇಳಿದ್ದೇ ಸರಿ.

ಜಲ್ಲಿಕಲ್ಲು

ಅಗಲ ಟೈರ್ ವಿಷಯ ಒಪ್ಪಿದೆ.

ಮುಂದಿನದು ನಿಜವಾದ ದೊಡ್ಡ ಗ್ಯಾಪ್: ರಾಯಲ್ ಸಿಟಿ ಜಂಕ್ಷನ್‌ನಿಂದ ಒಥೆಲ್ಲೋ ಮೂಲಕ ವಾರ್ಡನ್‌ವರೆಗೆ. ಇಲ್ಲಿ ಹಳಿ ಕಿತ್ತೇ ಇಲ್ಲ. ಹಳಿಗೆ ತುಕ್ಕು ಹಿಡಿದಿದೆ, ಹುಲ್ಲು ಬೆಳೆದಿದೆ ಅಂತ ಅದರ ಪಕ್ಕ ಹೋಗುವ ಆಸೆ ಎಲ್ಲರಿಗೂ ಬರುತ್ತೆ. ಸುಗ್ಗಿಯ ಸರಕು ಗಾಡಿಗೆ ವೇಳಾಪಟ್ಟಿ ಇರಲ್ಲ, ತುಕ್ಕು ಹಿಡಿದ ಹಳಿ ಅಂದರೆ ಬಿಟ್ಟ ಹಳಿ ಅಲ್ಲ. ನಮ್ಮಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಯ ಮೇಲೆ ನಡೆಯುವ ಅಭ್ಯಾಸ ಬೆಳೆದದ್ದು ಮೀಟರ್‌ಗೇಜ್ ಬದಲಿಸಲು ಗಾಡಿ ನಿಲ್ಲಿಸಿದ್ದ ವರ್ಷಗಳಲ್ಲಿ. ಗಾಡಿ ಮತ್ತೆ ಶುರುವಾದ ಮೇಲೂ ಜನ ಬಿಡಲಿಲ್ಲ, ಕೊನೆಗೆ ನಿಷೇಧ ಬಂತು. ಅದೇ ಮನೋಭಾವವನ್ನು ಇಲ್ಲಿಗೆ ತರಬಾರದು. ಹಳಿಯ ಜಾಗ ರೈಲಿನವರ ಸ್ವತ್ತು, ಕಾಲಿಡುವುದೇ ಅತಿಕ್ರಮ. ಅದೂ ಅಲ್ಲದೆ ಹೊಸ ದಾರಿ ಕೇಳಲು ಹೋಗುವ ಸಂಘಗಳಿಗೆ ಸೈಕಲ್‌ನವರ ಅತಿಕ್ರಮವೇ ಎದುರುವಾದವಾಗಿ ಬರುತ್ತೆ.

ರಸ್ತೆಯಲ್ಲಿ ಸ್ಮರ್ನಾದಿಂದ ಒಥೆಲ್ಲೋಗೆ ಸುಮಾರು 45 ಕಿ.ಮೀ., ಒಥೆಲ್ಲೋದಿಂದ ವಾರ್ಡನ್‌ಗೆ 25 ಕಿ.ಮೀ. ಆಸುಪಾಸು. ಹೆದ್ದಾರಿ 26ರಲ್ಲಿ ಲಾರಿ ಹೆಚ್ಚು. ಅದರ ಮೇಲೆ ಇರುವ ತುಂಡನ್ನು ಬೆಳಿಗ್ಗೆ 8ರೊಳಗೆ ಮುಗಿಸಿ. ಒಥೆಲ್ಲೋ ಸುತ್ತ ನೀರಾವರಿ ಜಮೀನಿನ ರಸ್ತೆಗಳು ಚದುರಂಗದ ಮನೆಗಳ ಹಾಗೆ ನೇರ ಗೆರೆ. ಹೆದ್ದಾರಿಗೆ ಸಮಾನಾಂತರವಾಗಿ ಒಂದು ರಸ್ತೆ ಬಿಟ್ಟು ಇನ್ನೊಂದು ಹಿಡಿದರೆ 3–4 ಕಿ.ಮೀ. ಹೆಚ್ಚಾದರೂ ನೆಮ್ಮದಿ. ರಸ್ತೆ ಹಳಿಯನ್ನು ಓರೆಯಾಗಿ ದಾಟುವ ಕಡೆ, ಹಿಂದೆ ವಾಹನ ಇಲ್ಲ ಅಂತ ನೋಡಿ, ಹಳಿಗೆ 90 ಡಿಗ್ರಿ ಆಗುವಂತೆ ತಿರುಗಿಸಿ ದಾಟಿ. ಹಳಿಯ ಪಕ್ಕದ ಸೀಳು ಸುಮಾರು 65 ಮಿ.ಮೀ., ನಿಮ್ಮ 45 ಮಿ.ಮೀ. ಚಕ್ರ ಅದರೊಳಗೆ ಇಳಿದು ಸಿಕ್ಕಿಕೊಳ್ಳುತ್ತೆ.

ಎರೆಭೂಮಿ

ವಾರ್ಡನ್‌ನಿಂದ ಪೂರ್ವಕ್ಕೆ ನಾನು ಹೇಳ್ತೀನಿ. ಇಲ್ಲಿ ಎರಡು ಸೇತುವೆ ಇಲ್ಲ, ಒಂದು ಕಡೆ ಖಾಸಗಿ ಜಮೀನು.

ವಾರ್ಡನ್‌ನಿಂದ ಲಿಂಡ್ ಸುಮಾರು 38 ಕಿ.ಮೀ. ದಾರಿ ಇದೆ. ಆದರೆ ಲಿಂಡ್ ಊರಿನ ಮೇಲಿದ್ದ ಎತ್ತರದ ಟ್ರೆಸಲ್ ಬಿಚ್ಚಿದ್ದಾರೆ. ಊರು ತಗ್ಗಿನಲ್ಲಿ, ದಾರಿ ಮೇಲೆ. ಊರಿಗೆ ಮೊದಲು ಸಿಗುವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ರಸ್ತೆಯಲ್ಲೇ ಇಳಿದು, ಊರು ಹೊಕ್ಕು, ನೀರು ತುಂಬಿಸಿ, ಪೂರ್ವಕ್ಕೆ ರಸ್ತೆಯಲ್ಲೇ ಹತ್ತಿ ಮತ್ತೆ ದಾರಿ ಸೇರಿ. ರೈಲಿನ ಏರು 2.2% ಮೀರಲ್ಲ, ಈ ತಗ್ಗಿಗೆ ಇಳಿಯುವ ರಸ್ತೆಗಳ ಏರು 7–8% ಇರುತ್ತೆ. ಇಡೀ ದಿನ ಸಪಾಟಿನ ಲೆಕ್ಕದಲ್ಲಿ ಬಂದವರ ಕಾಲು ಸೋಲೋದು ಇಲ್ಲೇ. 1:1 ಅನುಪಾತದ ಗೇರ್ ಸಾಲದು, ಮುಂದೆ 30 ಹಲ್ಲಿಗೆ ಹಿಂದೆ 40ಕ್ಕಿಂತ ಹೆಚ್ಚು ಇರಲಿ.

ಲಿಂಡ್‌ನಿಂದ ರಾಲ್‌ಸ್ಟನ್, ಅಲ್ಲಿಂದ ಮರೆಂಗೊ. ಮರೆಂಗೊ ಹತ್ತಿರ ಕೌ ಕ್ರೀಕ್ ಕಣಿವೆಯ ಸೇತುವೆ ಇಲ್ಲ. ಇಲ್ಲಿ ಜನ ಮಾಡುವ ತಪ್ಪು ಒಂದೇ: ಆಚೆ ದಡದ ಏರಿ ಕಣ್ಣಿಗೆ ಕಾಣುತ್ತೆ, ಇಳಿದು ಹತ್ತಿಬಿಡೋಣ ಅನ್ಸುತ್ತೆ. ಹತ್ತಿರದಿಂದ ನೋಡಿದರೆ ಏರಿಯ ಇಳಿಜಾರು ಪೂರ್ತಿ ಮುಷ್ಟಿಗಾತ್ರದ ಸಡಿಲ ಬಸಾಲ್ಟ್ ಕಲ್ಲು, ಕಾಲಿಟ್ಟರೆ ಇಡೀ ಪದರವೇ ಜಾರುತ್ತೆ. ಕೆಳಗೆ ದನಗಳ ಬೇಲಿ, ಆಮೇಲೆ ತೊರೆ, ಆಮೇಲೆ ಇನ್ನೊಂದು ಬೇಲಿ. ಕಲ್ಲಿನ ಸಂದಿಯಲ್ಲಿ ಬುಡುಬುಡಿಕೆ ಹಾವು ಇರುತ್ತೆ. ಚೀಲ ಸೇರಿ 30 ಕಿಲೋ ಸೈಕಲ್ ಹೊತ್ತು ಆಚೆ ಹತ್ತುವಾಗ ಒಂದು ಕೈ ನೆಲಕ್ಕೆ ಬೇಕೇಬೇಕು, ಆ ಕೈ ಎಲ್ಲಿಡ್ತಿದ್ದೀರಿ ಅಂತ ಕಾಣಲ್ಲ. ಕೆಳಗಿನ ಜಮೀನು ಖಾಸಗಿ ಅನ್ನೋದು ಬೇರೆ. ರಸ್ತೆಯ ಸುತ್ತು ಒಂದು ಗಂಟೆ ಹೆಚ್ಚು ತಗೊಂಡರೂ ಅದೇ ಬೇಗ.

ಮೂರನೆಯದು ಯುವಾನ್ ಊರಿನ ಪಕ್ಕದ ರಾಕ್ ಲೇಕ್ ಸುತ್ತ. ಕೆರೆದಂಡೆಯ ಬಂಡೆಯಲ್ಲಿ ಕೊರೆದ ದಾರಿ, ನೋಡಲು ಇಡೀ ಮಾರ್ಗದಲ್ಲೇ ಚೆಂದ. ಆದರೆ ಮಧ್ಯೆ ಖಾಸಗಿ ತುಂಡು ಇದೆ, ಬಂಡೆ ಕುಸಿತವೂ ಇದೆ. ಫೋನ್ ಸಿಗ್ನಲ್ ಇಲ್ಲ. ಬೀಗ ಹಾಕಿದ ಗೇಟು, ಫಲಕ ಕಂಡರೆ ಅಲ್ಲಿಗೇ ನಿಲ್ಲಿಸಿ ಕೌಂಟಿ ರಸ್ತೆಗೆ ಬನ್ನಿ. ಬೀಗ ಇಲ್ಲದ ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ, ದನಗಳಿಗೆ ನೀರಿನ ದಾರಿ ಅದಾಗಿರಬಹುದು. ಸಂಜೆಗತ್ತಲಲ್ಲಿ ಗಂಟೆಗೆ 15 ಕಿ.ಮೀ. ಮೀರಬೇಡಿ. ದಾರಿಗೆ ಅಡ್ಡ ಒಂಟಿ ತಂತಿ ಬಿಗಿದಿರುತ್ತಾರೆ, ತಂತಿ ಕಾಣಲ್ಲ. ಎರಡೂ ಬದಿ ಎದುರುಬದುರು ನಿಂತ ಜೋಡಿ ಕಂಬ ಕಂಡರೆ ತಂತಿ ಇದೆ ಅಂತಲೇ ತಿಳಿಯಿರಿ.

ಆಮೇಲೆ ಮಾಲ್ಡೆನ್. ರೈಲಿನ ಕಾಲದಲ್ಲಿ ದೊಡ್ಡ ರೈಲ್ವೆ ಊರು. 2020ರ ಸೆಪ್ಟೆಂಬರ್ 7ರ ಕಾಳ್ಗಿಚ್ಚಿನಲ್ಲಿ ಊರಿನ ಸುಮಾರು 80% ಕಟ್ಟಡ ಸುಟ್ಟುಹೋಯ್ತು. ಅಂಗಡಿ ಸಿಗುತ್ತೆ ಅಂದುಕೊಂಡು ಹೋಗಬೇಡಿ, ರೊಸಾಲಿಯಾವರೆಗೆ ಬೇಕಾದಷ್ಟು ಲಿಂಡ್‌ನಲ್ಲೇ ತುಂಬಿಸಿ.

ಮೂಡಲ ಸವಾರ

ಪಲೂಸ್ ಮಣ್ಣಿನ ಕೆಸರಿನ ಬಗ್ಗೆ ಎಲ್ಲರೂ ಎಚ್ಚರಿಸ್ತಾರೆ. ಅಷ್ಟು ಕೆಟ್ಟದ್ದಾ?

ಎರೆಭೂಮಿ

ಗದಗ, ಧಾರವಾಡದ ಎರೆಹೊಲದಲ್ಲಿ ಮುಂಗಾರಿನ ಮೊದಲ ಮಳೆಯಾದ ಮೇಲೆ ಸೈಕಲ್ ತಳ್ಳಿದವರಿಗೆ ವಿವರಿಸಬೇಕಿಲ್ಲ. ಬಣ್ಣ, ಹುಟ್ಟು ಎರಡೂ ಬೇರೆ. ಎರೆ ಕಪ್ಪು ಜೇಡಿ, ಇದು ಗಾಳಿ ಹೊತ್ತು ತಂದು ಗುಡ್ಡ ಕಟ್ಟಿದ ಕಂದು ನುಣ್ಪು ಮಣ್ಣು. ಅಂಟುವ ರೀತಿ ಮಾತ್ರ ಒಂದೇ. ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಫೋರ್ಕ್ ತುಂಬಿ ನಿಲ್ಲುತ್ತೆ. ಆಮೇಲೂ ಪೆಡಲ್ ತುಳಿದರೆ ಕೆಸರು ಡಿರೇಲರ್ (ಗೇರ್ ಬದಲಿಸುವ ಭಾಗ) ಅನ್ನು ಎಳೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತೆ. ಪೂರ್ವದಲ್ಲಿ ಸೈಕಲ್ ನಿಲ್ಲಿಸಿಬಿಡುವ ದುರಸ್ತಿ ಅಂದರೆ ಬಹುಪಾಲು ಇದೇ. ನಿಮ್ಮ ಮಾದರಿಗೆ ಹೊಂದುವ ಹ್ಯಾಂಗರ್ ಒಂದು, ಅದರ ಸ್ಕ್ರೂ ಎರಡು, ಚೈನ್ ಕ್ವಿಕ್‌ಲಿಂಕ್ ಎರಡು ಚೀಲದಲ್ಲಿರಲಿ. ಮಡ್‌ಗಾರ್ಡ್ ಬಿಚ್ಚಿ. ಟೈರ್‌ಗೂ ಫೋರ್ಕ್‌ಗೂ ಎರಡೂ ಬದಿ 8 ಮಿ.ಮೀ. ಜಾಗ ಬೇಕು. ಮಳೆ ಬಂದು ನಿಂತ ದಿನ ದಾರಿ ಬಿಡಿ, ಜಲ್ಲಿ ಹಾಕಿದ ಕೌಂಟಿ ರಸ್ತೆ ಹಿಡಿಯಿರಿ. ಬಿಸಿಲು, ಗಾಳಿ ಇದ್ದರೆ ಒಂದೇ ದಿನಕ್ಕೆ ಒಣಗುತ್ತೆ.

ಕಣಿವೆಗಾಳಿ

ಈಗ ನಕ್ಷೆ. ಒಂದೇ ಉದ್ದ ಜಿಪಿಎಕ್ಸ್ ಮಾಡಬೇಡಿ, ಗ್ಯಾಪ್ ಇರುವಲ್ಲಿ ಕತ್ತರಿಸಿ. ಕ್ರಮ ಹೀಗೆ.

ಮೊದಲು ರಾಜ್ಯ ಉದ್ಯಾನ ಇಲಾಖೆಯ ಈಗಿನ ದಾರಿಯ ನಕ್ಷೆ ತೆಗೆದುಕೊಳ್ಳಿ, ಅದರಲ್ಲಿ ತೆರೆದ ತುಂಡು, ಬಳಸು ರಸ್ತೆ ಎರಡೂ ಇರುತ್ತೆ. ಅದರ ಮೇಲೆ ಉಪಗ್ರಹ ಚಿತ್ರ ಹಾಕಿ ಪ್ರತಿ ತೊರೆ, ಪ್ರತಿ ಹೆದ್ದಾರಿ ದಾಟುವ ಜಾಗ ದೊಡ್ಡದು ಮಾಡಿ ನೋಡಿ. ಸೇತುವೆ ಇದ್ದರೆ ಅದರ ನೆರಳು ಬಿದ್ದಿರುತ್ತೆ, ಇಲ್ಲದಿದ್ದರೆ ಎರಡು ಕಡೆ ಏರಿ ಚೂಪಾಗಿ ಮುಗಿದಿರುತ್ತೆ. ಆಮೇಲೆ ಕೌಂಟಿಯ ಜಮೀನು ನಕ್ಷೆ, ಅದು ಯಾರು ಬೇಕಾದರೂ ನೋಡಬಹುದು. ದಾರಿಯ ಪಟ್ಟಿ ಪಕ್ಕದ ಹೊಲದ ಬಣ್ಣಕ್ಕೆ ಸೇರಿಹೋಗಿದ್ದರೆ ಅಲ್ಲಿ ಖಾಸಗಿ. ರೂಟಿಂಗ್ ಆ್ಯಪ್ ಅನ್ನು ಕೊನೆಗೆ ಬಳಸಿ, ಅದೂ ರಸ್ತೆಯ ಭಾಗಕ್ಕೆ ಮಾತ್ರ. ಹಳೇ ರೈಲು ಗೆರೆಯನ್ನೇ ಸೈಕಲ್ ದಾರಿ ಅಂತ ತಿಳಿದು ಇಲ್ಲದ ಸೇತುವೆಯ ಮೇಲೆ ಗೆರೆ ಎಳೆದುಬಿಡುತ್ತೆ.

ಫೈಲಿಗೆ ಸಂಖ್ಯೆ ಕೊಡಿ: 07-ದಾರಿ-ವಾರ್ಡನ್-ಲಿಂಡ್, 08-ರಸ್ತೆ-ಲಿಂಡ್, ಹೀಗೆ. 07 ಮುಗಿಯಬೇಕಾದ್ದು ಸೇತುವೆಯ ತುದಿಯಲ್ಲಲ್ಲ, ಅದಕ್ಕೆ ಮೊದಲಿನ ರಸ್ತೆಯಲ್ಲಿ. ಆಗ ಸಾಧನವೇ ಸರಿಯಾದ ಜಾಗದಲ್ಲಿ ‘ಮುಗಿಯಿತು’ ಅನ್ನುತ್ತೆ. ಎಲ್ಲ ಆಫ್‌ಲೈನ್ ಇರಲಿ, ಜೊತೆಗೆ ಒಂದು ಕಾಗದದ ಹಾಳೆ. ಹಾಳೆಯಲ್ಲಿ ರಸ್ತೆ ಹೆಸರಿನ ಪಕ್ಕ ಕೌಂಟಿ ಹೆಸರೂ ಬರೆಯಿರಿ, ಕಿಂಗ್, ಕಿಟಿಟಾಸ್, ಗ್ರಾಂಟ್, ಆ್ಯಡಮ್ಸ್, ವಿಟ್‌ಮನ್. ತುರ್ತು ಸಂಖ್ಯೆ 911ಗೆ ಕರೆ ಮಾಡಿದಾಗ ಹಳಿದಾರಿಯ ಹೆಸರಿಗಿಂತ ಕೌಂಟಿ ಮತ್ತು ಹತ್ತಿರದ ರಸ್ತೆ ಹೇಳಿದರೆ ಬೇಗ ಪತ್ತೆಯಾಗುತ್ತೆ.

ಜಲ್ಲಿಕಲ್ಲು

ನೀರಿನ ಲೆಕ್ಕ ಕಿ.ಮೀ. ಮೇಲೆ ಹಾಕಬೇಡಿ, ಗಂಟೆಯ ಮೇಲೆ ಹಾಕಿ. ಗಟ್ಟಿ ದಾರಿಯಲ್ಲಿ ಗಂಟೆಗೆ 14–15 ಕಿ.ಮೀ., ಸಡಿಲ ಜಲ್ಲಿಯಲ್ಲಿ 8–9, ಮರಳಿನಲ್ಲಿ 4, ಡಾಂಬರಿನಲ್ಲಿ 18. ಕಿಟಿಟಾಸ್‌ನಿಂದ ಬೆವರ್ಲಿ ಸುಮಾರು 48 ಕಿ.ಮೀ., ಮಧ್ಯೆ ಹನಿ ನೀರಿಲ್ಲ, ನೆರಳಿಲ್ಲ. ಐದೂವರೆ ಗಂಟೆ ಹಿಡಿಯಿರಿ. 30 ಡಿಗ್ರಿಯಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಅಂದರೆ 4 ಲೀಟರ್ ಚಿಲ್ಲರೆ, ಅದರ ಮೇಲೆ 2 ಲೀಟರ್ ಮೀಸಲು. ಬೆವರ್ಲಿಯಲ್ಲಿ ಕುಡಿಯುವ ನೀರು ಸಿಗುತ್ತೆ ಅಂತ ನಂಬಬೇಡಿ. ಕೊಲಂಬಿಯಾ ನದಿಯ ನೀರನ್ನು ಫಿಲ್ಟರ್ ಮಾಡಿಕೊಳ್ಳಬಹುದು. ಕ್ರ್ಯಾಬ್ ಕ್ರೀಕ್ ನೀರು ಬೇಡ. ಅದಕ್ಕೆ ಹೊಲಗಳಿಂದ ಬಸಿದ ನೀರು ಸೇರುತ್ತೆ, ಕೈಯಲ್ಲಿ ಹಿಡಿದು ಒತ್ತುವ ಫಿಲ್ಟರ್ ರೋಗಾಣು ತಡೆಯುತ್ತೆ, ಗೊಬ್ಬರ ಮತ್ತು ಕೀಟನಾಶಕ ತಡೆಯಲ್ಲ. ಆದ್ದರಿಂದ ನದಿದಂಡೆಯಲ್ಲೇ ಒಥೆಲ್ಲೋವರೆಗೆ ಸಾಲುವಷ್ಟು ತುಂಬಿಸಿ.

ಲಿಂಡ್‌ನಿಂದ ರೊಸಾಲಿಯಾ ಇದಕ್ಕಿಂತ ಉದ್ದ. ಒಂದೇ ದಿನಕ್ಕೆ ಆಗಲ್ಲ. ಮಧ್ಯೆ ಒಂದು ರಾತ್ರಿ ಇದ್ದರೆ 9–10 ಲೀಟರ್ ಹೊರಬೇಕು. ಇಲ್ಲವೇ ರಾಲ್‌ಸ್ಟನ್‌ನಿಂದ ಉತ್ತರಕ್ಕೆ ರಿಟ್ಜ್‌ವಿಲ್ ಊರಿಗೆ ಹೋಗಿ ತಂಗಿ ಬರಬೇಕು. ಸುತ್ತು ಹೌದು, ಆದರೆ ಮರೆಂಗೊ ಗ್ಯಾಪ್ ಹೇಗೂ ರಸ್ತೆಯಲ್ಲೇ ದಾಟಬೇಕಲ್ಲ, ಎರಡನ್ನೂ ಕೂಡಿಸಿದರೆ ನಷ್ಟ ಕಡಿಮೆ.

ಮೂಡಲ ಸವಾರ

ಹಾಗಾದರೆ ಬದಲಿಸಿದ ಯೋಜನೆ: 1 ಈಸ್ಟನ್, 2 ಎಲೆನ್ಸ್‌ಬರ್ಗ್, 3 ಬೆವರ್ಲಿ ದಾಟಿ ನದಿದಂಡೆ, 4 ರಸ್ತೆಯಲ್ಲಿ ಒಥೆಲ್ಲೋ, 5 ಲಿಂಡ್, 6 ರಿಟ್ಜ್‌ವಿಲ್, 7 ರೊಸಾಲಿಯಾ, 8 ಟೆಕೋವಾ. 50 ಮಿ.ಮೀ. ಟ್ಯೂಬ್‌ಲೆಸ್, ಮಡ್‌ಗಾರ್ಡ್ ಇಲ್ಲ.

ಎರೆಭೂಮಿ

ಏಳನೇ ದಿನ ಉದ್ದವಾಯ್ತು. ರಿಟ್ಜ್‌ವಿಲ್‌ನಿಂದ ರೊಸಾಲಿಯಾ ರಸ್ತೆ, ದಾರಿ ಸೇರಿ 100 ಕಿ.ಮೀ. ಮೀರುತ್ತೆ, ಗುಡ್ಡ ಬೇರೆ. ಆ ದಿನ ರಾಕ್ ಲೇಕ್ ಪೂರ್ತಿ ಬಿಟ್ಟು ಕೌಂಟಿ ರಸ್ತೆಯಲ್ಲೇ ಹೋಗಿ, ಮಾಲ್ಡೆನ್‌ನಲ್ಲಿ ಮಾತ್ರ ದಾರಿ ಹತ್ತಿ. ಇಲ್ಲ ಒಂದು ದಿನ ಸೇರಿಸಿ. ಬೆವರ್ಲಿಯಲ್ಲಿ ನದಿದಂಡೆ ಎಲ್ಲ ಕಡೆ ಟೆಂಟ್ ಹಾಕುವಂತಿಲ್ಲ, ಎಲ್ಲಿ ಹಾಕಬಹುದು ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ಕಣಿವೆಗಾಳಿ

ಟೆಕೋವಾದ ಆಚೆಗೂ ಹೋಗುವ ಮನಸ್ಸಿದ್ದರೆ: ಐಡಾಹೊದ ಪ್ಲಮರ್‌ನಿಂದ 117 ಕಿ.ಮೀ. ಡಾಂಬರು ಹಾಕಿದ ಕೋರ್ ಡಲೇನ್ ಹಳಿದಾರಿ ಶುರುವಾಗುತ್ತೆ. ಟೆಕೋವಾ ಮತ್ತು ಪ್ಲಮರ್ ಮಧ್ಯೆ ಕೊಂಡಿ ಇಲ್ಲ, ಗುಡ್ಡದ ರಸ್ತೆ. ಕೋರ್ ಡಲೇನ್ ದಾರಿಯ ಡಾಂಬರು ಕೆಳಗೆ ಬೆಳ್ಳಿ ಗಣಿಯ ಸೀಸ ಬೆರೆತ ಮಣ್ಣು ಮುಚ್ಚಿದ್ದಾರೆ. ಅಲ್ಲಿ ದಾರಿ ಬಿಟ್ಟು ಪಕ್ಕದ ಮಣ್ಣಿನಲ್ಲಿ ಕೂರಬೇಡಿ, ಊಟಕ್ಕೆ ಮೊದಲು ಕೈ ತೊಳೆಯಿರಿ, ಟೈರ್ ರಿಪೇರಿಯನ್ನೂ ಡಾಂಬರಿನ ಮೇಲೇ ಮಾಡಿ.